ಸಿಡ್ನಿಯ ಮನೆಗಳಲ್ಲಿ ವಿಷಜೇಡಗಳು ಮತ್ತು ಸಾಕುಪ್ರಾಣಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡ್ನಿ ಹಾಗೂ ಅದರ ಸುತ್ತಮುತ್ತ ನೆಲೆಸಿ, ಮನೆಯಲ್ಲಿ ನಾಯಿ, ಬೆಕ್ಕು, ಗಿನಿಪಿಗ್ ಮುಂತಾದವನ್ನು ಸಾಕಿಕೊಂಡಿರುವ ಕನ್ನಡ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೋತ್ತರಗಳನ್ನು ಸಿದ್ಧಪಡಿಸಲಾಗಿದೆ. ಇವು ಪಶುವೈದ್ಯರ ಸಲಹೆಗೆ ಬದಲಿಯಲ್ಲ. ನಿಮ್ಮ ಪ್ರಾಣಿಗೆ ಈಗಾಗಲೇ ಏನಾದರೂ ಕಚ್ಚಿರಬಹುದೆಂಬ ಅನುಮಾನವಿದ್ದರೆ ಮೊದಲು ಪಶುವೈದ್ಯರಿಗೆ ಫೋನ್ ಮಾಡಿ, ಇದನ್ನು ಆಮೇಲೆ ಓದಿ.

ಫನೆಲ್‌ವೆಬ್ ಜೇಡ ಕಚ್ಚಿದರೆ ನಾಯಿ ಅಥವಾ ಬೆಕ್ಕು ಸಾಯುತ್ತದೆಯೇ?

ಸಾಮಾನ್ಯವಾಗಿ ಸಾಯುವುದಿಲ್ಲ. ಈ ಉತ್ತರವನ್ನು ಮೊದಲ ಬಾರಿಗೆ ಕೇಳಿದವರು ಯಾರೂ ಒಮ್ಮೆಗೇ ನಂಬುವುದಿಲ್ಲ, ಏಕೆಂದರೆ ಸಿಡ್ನಿಯ ಫನೆಲ್‌ವೆಬ್ ಮನುಷ್ಯರ ಪಾಲಿಗೆ ಲೋಕದ ಅತ್ಯಂತ ಅಪಾಯಕಾರಿ ಜೇಡಗಳಲ್ಲಿ ಒಂದು. 1927ರಿಂದ 1981ರವರೆಗಿನ ಅವಧಿಯಲ್ಲಿ ಇದರ ಕಡಿತದಿಂದ 13 ಮಂದಿ ಸತ್ತಿದ್ದು ದಾಖಲಾಗಿದೆ. ಆದರೆ ಇದರ ವಿಷದಲ್ಲಿರುವ ಮುಖ್ಯ ಅಂಶವು ಮನುಷ್ಯರು, ಮಂಗಗಳು ಮತ್ತು ಆಗಷ್ಟೇ ಹುಟ್ಟಿದ ಇಲಿಮರಿಗಳ ನರಗಳನ್ನು ಎಷ್ಟು ತೀವ್ರವಾಗಿ ಕೆರಳಿಸುತ್ತದೆಯೋ ಅಷ್ಟು ತೀವ್ರವಾಗಿ ನಾಯಿ, ಬೆಕ್ಕು ಮತ್ತು ಮೊಲಗಳ ನರಗಳನ್ನು ಕೆರಳಿಸುವುದಿಲ್ಲ. ಕಚ್ಚಿಸಿಕೊಂಡ ನಾಯಿ ನೋವಿನಿಂದ ಕುಂಯ್‌ಗುಟ್ಟಬಹುದು, ಜೊಲ್ಲು ಸುರಿಸಬಹುದು, ಮಂಕಾಗಿ ಮೂಲೆ ಸೇರಬಹುದು. ಸಾಮಾನ್ಯವಾಗಿ ಇದು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಮನುಷ್ಯರಿಗೆ ಕೊಡುವ ಪ್ರತಿವಿಷವನ್ನು ಮೊಲಗಳಿಂದಲೇ ತಯಾರಿಸಲಾಗುತ್ತದೆ. ಈ ವಿಷವನ್ನು ಮತ್ತೆ ಮತ್ತೆ ಚುಚ್ಚಿದರೂ ಮೊಲ ತಾಳಿಕೊಂಡು ಪ್ರತಿಕಾಯಗಳನ್ನು ಬೆಳೆಸಿಕೊಳ್ಳುತ್ತದೆಂಬ ಸಂಗತಿಯ ಮೇಲೆಯೇ ಆ ಔಷಧ ನಿಂತಿದೆ.

ಹಾಗೆಂದು ಕಡಿತವನ್ನು ಕಡೆಗಣಿಸಬಾರದು. ತೀರಾ ಸಣ್ಣ ತಳಿಯ ನಾಯಿ, ಮರಿ, ಮುದಿಪ್ರಾಣಿ ಅಥವಾ ಹೃದಯದ ತೊಂದರೆಯಿರುವ ಪ್ರಾಣಿಯನ್ನು ಪಶುವೈದ್ಯರಿಗೆ ತೋರಿಸಲೇಬೇಕು.

ಹಾಗಾದರೆ ಸಾಕುಪ್ರಾಣಿ ಇರುವ ಮನೆಯವರು ಫನೆಲ್‌ವೆಬ್ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲವೇ?

ನಿಮ್ಮ ಸಲುವಾಗಿ ಕೆಡಿಸಿಕೊಳ್ಳಬೇಕು. ನಾಯಿ ಹಿತ್ತಿಲಿನ ಕಲ್ಲಿನ ಬುಡವನ್ನು ಕೆದಕಿ ಬೊಗಳುತ್ತಿರುವಾಗ ಅಲ್ಲಿ ಏನಿದೆಯೆಂದು ಬರಿಗೈ ಹಾಕಿ ನೋಡುವವರು ನೀವು. ಬೆಕ್ಕು ಸೋಫಾದ ಅಡಿಗೆ ಅಟ್ಟಿದ ಹುಳುವನ್ನು ಕಾಗದದಲ್ಲಿ ಹಿಡಿಯಲು ಹೋಗುವವರೂ ನೀವೇ. ಪ್ರಾಣಿಗೆ ಏನೂ ಆಗದೆ, ಅದನ್ನು ಕಾಪಾಡಲು ಹೋದವರು ಆಸ್ಪತ್ರೆ ಸೇರುವ ಸಾಧ್ಯತೆಯೇ ಇಲ್ಲಿ ಹೆಚ್ಚು.

ಫನೆಲ್‌ವೆಬ್ ತೇವ ಮತ್ತು ನೆರಳಿರುವ ಕಡೆ, ಕಲ್ಲು ಹಾಗೂ ಮರದ ದಿಮ್ಮಿಗಳ ಅಡಿಯಲ್ಲಿ ಬಿಲ ಮಾಡಿಕೊಂಡಿರುತ್ತದೆ. ಬಿಲದ ಬಾಯಿಗೆ ಬಿಳಿ ರೇಷ್ಮೆಯ ಒಳಪದರವಿದ್ದು, ಅಲ್ಲಿಂದ ನೆಲದ ಮೇಲೆ ಅತ್ತಿತ್ತ ಚಾಚಿಕೊಂಡ ಎಳೆಗಳು ಕಾಣುತ್ತವೆ. ಅವುಗಳನ್ನು ತುಳಿದ ಹುಳುವಿನ ಸುಳಿವು ಒಳಗಿರುವ ಜೇಡಕ್ಕೆ ಸಿಗುತ್ತದೆ. ಹೆಣ್ಣು ಜೇಡ ಬಹುಪಾಲು ಬಿಲದಲ್ಲಿಯೇ ಇರುತ್ತದೆ. ಬೇಸಿಗೆಯಲ್ಲಿ ಮತ್ತು ಅದರ ನಂತರದ ತಿಂಗಳುಗಳಲ್ಲಿ, ವಿಶೇಷವಾಗಿ ಮಳೆ ಬಂದ ಮೇಲೆ, ಹೆಣ್ಣನ್ನು ಹುಡುಕಿಕೊಂಡು ಅಲೆಯುವುದು ಗಂಡು. ಮನುಷ್ಯರಿಗೆ ಹೆಚ್ಚು ವಿಷಕಾರಿಯಾದದ್ದೂ ಆ ಗಂಡೇ. ಗ್ಯಾರೇಜ್, ಬಟ್ಟೆ ಒಗೆಯುವ ಕೋಣೆ, ನೆಲಮಟ್ಟದ ಮಲಗುವ ಕೋಣೆ ಇವುಗಳೊಳಗೆ ಬಾಗಿಲ ಸಂದಿಯಿಂದ ನುಗ್ಗುವುದು ಈ ಕಾಲದಲ್ಲಿ.

ನಮ್ಮವರಿಗೆ ಇಲ್ಲಿ ಒಂದು ಹೆಚ್ಚಿನ ಎಚ್ಚರಿಕೆ ಬೇಕು. ಚಪ್ಪಲಿ, ಬೂಟುಗಳನ್ನು ಹೊಸ್ತಿಲಾಚೆ ಬಿಡುವ ಪದ್ಧತಿಯನ್ನು ನಾವು ಊರಿನಿಂದ ಹಾಗೆಯೇ ತಂದಿದ್ದೇವೆ, ಮತ್ತು ಅಲೆಯುತ್ತಿರುವ ಗಂಡು ಫನೆಲ್‌ವೆಬ್‌ಗೆ ಬೆಳಗಾಗುವಷ್ಟರಲ್ಲಿ ಬೇಕಾಗುವುದು ತಂಪಾದ, ಕತ್ತಲಿರುವ ಸಂದು. ಬೆಳಿಗ್ಗೆ ನಾಯಿಯನ್ನು ವಾಕಿಂಗ್ ಕರೆದೊಯ್ಯುವ ಆತುರದಲ್ಲಿ ಆ ಬೂಟಿನೊಳಗೆ ಕಾಲು ತೂರಿಸುವ ಮುನ್ನ ಅದನ್ನು ತಲೆಕೆಳಗಾಗಿ ಹಿಡಿದು ನೆಲಕ್ಕೆ ಬಡಿಯಬೇಕು. ಅದಕ್ಕಿಂತ ಉತ್ತಮವೆಂದರೆ, ಮುಚ್ಚಳವಿರುವ ಪೆಟ್ಟಿಗೆಯೊಂದನ್ನು ಒಳಬಾಗಿಲ ಬಳಿ ಇಟ್ಟು ಪಾದರಕ್ಷೆಗಳನ್ನು ಅದರಲ್ಲಿ ಹಾಕುವುದು. ನಾಯಿಯ ಹಾಸಿಗೆ, ಟವೆಲ್, ಬೆಲ್ಟು ಇವುಗಳನ್ನೂ ರಾತ್ರಿ ಹೊರಗಿನ ನೆಲದ ಮೇಲೆ ಬಿಡಬಾರದು.

ಈಜುಕೊಳವಿದ್ದರೆ ಇನ್ನೊಂದು ಮಾತು. ನೀರಿಗೆ ಬಿದ್ದ ಫನೆಲ್‌ವೆಬ್ ಸತ್ತಂತೆ ತಳದಲ್ಲಿ ಬಿದ್ದಿದ್ದರೂ, ಮೈಗೂದಲಿನಲ್ಲಿ ಹಿಡಿದಿಟ್ಟುಕೊಂಡ ಗಾಳಿಯ ಗುಳ್ಳೆಯ ಬಲದಿಂದ ಒಂದು ದಿನವಾದರೂ ಬದುಕಿರಬಲ್ಲದು. ಆದ್ದರಿಂದ ಕೊಳವನ್ನು ಉದ್ದನೆಯ ಬಲೆಯಿಂದ ಮಾತ್ರ ಶುಚಿಮಾಡಬೇಕು.

ಮನುಷ್ಯರಿಗೆ ಕಚ್ಚಿದರೆ ಕೂಡಲೇ 000ಗೆ ಕರೆ ಮಾಡಿ, ಕಚ್ಚಿದ ಕೈ ಅಥವಾ ಕಾಲಿಗೆ ಪೂರ್ತಿಯಾಗಿ ಬಿಗಿಯಾದ ಬ್ಯಾಂಡೇಜ್ ಸುತ್ತಿ, ಅಲುಗಾಡದಂತೆ ಇರಿಸಬೇಕು. 1981ರಲ್ಲಿ ಪ್ರತಿವಿಷ ಬಳಕೆಗೆ ಬಂದ ಮೇಲೆ ಫನೆಲ್‌ವೆಬ್ ಕಡಿತದಿಂದ ಸಾವು ಸಂಭವಿಸಿಲ್ಲ. ಸಮಯಕ್ಕೆ ಆಸ್ಪತ್ರೆ ಸೇರಿದ್ದೇ ಅದಕ್ಕೆ ಕಾರಣ.

ರೆಡ್‌ಬ್ಯಾಕ್ ಜೇಡವನ್ನು ಗುರುತಿಸುವುದು ಹೇಗೆ? ಅದು ಮನೆಯ ಯಾವ ಭಾಗದಲ್ಲಿರುತ್ತದೆ?

ಕಚ್ಚುವ ಹೆಣ್ಣಿನ ಒಡಲು ಬಟಾಣಿ ಕಾಳಿನಷ್ಟಿದ್ದು, ಹೊಳೆಯುವ ಕಪ್ಪು ಬಣ್ಣದ್ದಾಗಿರುತ್ತದೆ ಮತ್ತು ಬೆನ್ನಿನ ಉದ್ದಕ್ಕೂ ಕೆಂಪು ಅಥವಾ ಕಿತ್ತಳೆ ಬಣ್ಣದ ಪಟ್ಟಿಯಿರುತ್ತದೆ. ಗಂಡು ನಾಲ್ಕು ಮಿಲಿಮೀಟರಿಗಿಂತ ದೊಡ್ಡದಾಗುವುದು ಅಪರೂಪ. ಅದನ್ನು ಮನೆಯವರು ಗಮನಿಸುವುದೇ ಇಲ್ಲ.

ಜೇಡಕ್ಕಿಂತ ಬಲೆಯನ್ನು ಗುರುತಿಸಲು ಕಲಿಯುವುದು ಹೆಚ್ಚು ಉಪಯುಕ್ತ. ತೋಟದಲ್ಲಿ ಕಾಣುವ ಚಕ್ರಾಕಾರದ ಅಚ್ಚುಕಟ್ಟಾದ ಬಲೆ ಇದರದ್ದಲ್ಲ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬೋರಲು ಹಾಕಿ ಆಸನದ ಕೆಳಗಿನ ಮೂಲೆಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿದರೆ, ಮೇಲ್ಭಾಗದಲ್ಲಿ ಗೊತ್ತುಗುರಿಯಿಲ್ಲದ ಸಿಕ್ಕುಸಿಕ್ಕಾದ ಎಳೆಗಳ ಗೂಡು, ಅದರೊಳಗೆ ಸುಮಾರು ಒಂದು ಸೆಂಟಿಮೀಟರ್ ಅಗಲದ ದುಂಡನೆಯ, ಕೆನೆಬಣ್ಣದ ಮೊಟ್ಟೆಚೀಲಗಳು, ಅಲ್ಲಿಂದ ನೆಲದವರೆಗೆ ಬಿಗಿಯಾಗಿ ಎಳೆದು ಕಟ್ಟಿದ ನೇರ ಎಳೆಗಳು ಕಾಣುತ್ತವೆ. ಆ ನೇರ ಎಳೆಗಳ ಬುಡದಲ್ಲಿ ಅಂಟು ಹನಿಗಳಿರುತ್ತವೆ. ನಡೆದು ಬಂದ ಇರುವೆ ಅಂಟಿಗೆ ಸಿಕ್ಕಿದೊಡನೆ ಎಳೆ ಕಿತ್ತು, ಅದು ಮೇಲಕ್ಕೆ ಜಿಗಿದು ನೇತಾಡುತ್ತದೆ. ಬಲೆಯ ಕೆಳಗೆ ಒಣಗಿದ ಜೀರುಂಡೆಗಳ ಚಿಪ್ಪು ಬಿದ್ದಿದ್ದರೆ ಒಡತಿ ಅಲ್ಲಿಯೇ ಇದ್ದಾಳೆಂದು ತಿಳಿಯಬೇಕು.

ಇದಕ್ಕೆ ಬೇಕಾದದ್ದು ಒಣಗಿದ, ಅಲುಗಾಟವಿಲ್ಲದ ಸಂದು. ಶೆಡ್, ಮೀಟರ್ ಬಾಕ್ಸ್, ಅಂಚೆಪೆಟ್ಟಿಗೆ, ಬಾರ್ಬೆಕ್ಯೂ, ಖಾಲಿ ಕುಂಡಗಳ ರಾಶಿ, ಮಕ್ಕಳ ಬಳಸದ ಸೈಕಲ್ಲು ಇವೆಲ್ಲ ಅದಕ್ಕೆ ಒಗ್ಗುತ್ತವೆ. ತುಳಸಿ ಕುಂಡದ ಅಂಚಿನ ಕೆಳಭಾಗವನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಸಾಕುಪ್ರಾಣಿಯ ದೃಷ್ಟಿಯಿಂದ ಮುಖ್ಯವಾದವು ನಾಯಿಗೂಡಿನ ಒಳಚಾವಣಿಯ ಮೂಲೆಗಳು, ಅದರ ತಳಕ್ಕೂ ನೆಲಕ್ಕೂ ನಡುವಿನ ಜಾಗ, ಮತ್ತು ಹೊರಗಿಟ್ಟ ಆಹಾರದ ಡಬ್ಬದ ಹಿಡಿಕೆಯ ಒಳಭಾಗ.

ರೆಡ್‌ಬ್ಯಾಕ್ ಕಚ್ಚಿದರೆ ನಾಯಿ ಮತ್ತು ಬೆಕ್ಕುಗಳಿಗೆ ಏನಾಗುತ್ತದೆ?

ರೆಡ್‌ಬ್ಯಾಕ್ ವಿಷವು ನರಗಳ ತುದಿಯಿಂದ ಸಂದೇಶವಾಹಕ ರಾಸಾಯನಿಕಗಳು ಒಮ್ಮೆಗೇ ಹೊರಚೆಲ್ಲುವಂತೆ ಮಾಡುತ್ತದೆ. ಆದ್ದರಿಂದ ನೋವು, ಸ್ನಾಯುಗಳ ನಡುಕ, ಜೊಲ್ಲು, ವಾಂತಿ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ ಕಾಣಿಸಿಕೊಳ್ಳಬಹುದು. ನಾಯಿಗಳು ಇದನ್ನು ಸಾಕಷ್ಟು ತಾಳಿಕೊಳ್ಳುತ್ತವೆ. ಬೆಕ್ಕುಗಳ ವಿಷಯದಲ್ಲಿ ಹೆಚ್ಚು ಎಚ್ಚರಿಕೆ ಬೇಕು, ಏಕೆಂದರೆ ಇದೇ ಕುಲಕ್ಕೆ ಸೇರಿದ ಅಮೆರಿಕದ ಬ್ಲ್ಯಾಕ್ ವಿಡೋ ಜೇಡದ ವಿಷಕ್ಕೆ ಬೆಕ್ಕುಗಳು ಬಹಳ ಸೂಕ್ಷ್ಮವೆಂಬುದು ಪಶುವೈದ್ಯರಿಗೆ ಹಿಂದಿನಿಂದಲೂ ತಿಳಿದಿದೆ. ಕೂಗುತ್ತಾ ಅತ್ತಿತ್ತ ಓಡಾಡಿ, ಆಮೇಲೆ ಕಾಲುಗಳಲ್ಲಿ ಬಲವಿಲ್ಲದೆ ಮಲಗಿಬಿಡುವ ಬೆಕ್ಕನ್ನು ಬೆಳಗಾಗಲಿ ನೋಡೋಣ ಎಂದು ಬಿಡಬಾರದು.

ಚಿಕಿತ್ಸೆಯಲ್ಲಿ ನೋವುನಿವಾರಕ ಮತ್ತು ಸ್ನಾಯುಗಳನ್ನು ಸಡಿಲಿಸುವ ಔಷಧಗಳೇ ಮುಖ್ಯ. ತೀವ್ರವಾದ ಪ್ರಸಂಗಗಳಲ್ಲಿ ಪಶುವೈದ್ಯರು ಪ್ರತಿವಿಷದ ಬಗ್ಗೆ ಯೋಚಿಸಬಹುದು. ರೆಡ್‌ಬ್ಯಾಕ್ ಪ್ರತಿವಿಷ 1956ರಿಂದಲೂ ಇದೆ, ಅದನ್ನು ಕುದುರೆಗಳಿಂದ ತಯಾರಿಸಲಾಗುತ್ತದೆ. ಆದರೆ 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯೊಂದರಲ್ಲಿ, ಮನುಷ್ಯರಿಗೆ ನೋವುನಿವಾರಕದ ಜೊತೆ ಪ್ರತಿವಿಷವನ್ನೂ ಕೊಟ್ಟದ್ದರಿಂದ ಗಮನಾರ್ಹವಾದ ಹೆಚ್ಚಿನ ಉಪಯೋಗ ಕಂಡುಬರಲಿಲ್ಲ. ಆದ್ದರಿಂದ ನಿಮ್ಮ ಪಶುವೈದ್ಯರು ಪ್ರತಿವಿಷ ಬೇಡವೆಂದರೆ ಅದನ್ನು ಅಸಡ್ಡೆಯೆಂದು ಭಾವಿಸಬೇಕಾಗಿಲ್ಲ.

ಗೋಡೆಯ ಮೇಲೆ ಅಂಗೈಯಗಲದ ಜೇಡವೊಂದು ಬಂದಿದೆ. ಬೆಕ್ಕು ಅದನ್ನೇ ದಿಟ್ಟಿಸುತ್ತಿದೆ. ಏನು ಮಾಡಬೇಕು?

ಅದು ಬಹುತೇಕ ಹಂಟ್ಸ್‌ಮನ್. ಚಪ್ಪಟೆ ಮೈ, ಏಡಿಯಂತೆ ಅಡ್ಡಕ್ಕೆ ಚಾಚಿದ ಉದ್ದ ಕಾಲುಗಳು, ಬೂದು ಅಥವಾ ಕಂದು ಬಣ್ಣ. ಇದೇ ಬಳಗದ ಜೇಡವನ್ನು ನೀವು ಊರಿನ ಹಳೆಯ ಮನೆಗಳ ಗೋಡೆಯ ಮೇಲೆ, ಬಿಳಿಯ ಬಿಲ್ಲೆಯಂಥ ಮೊಟ್ಟೆಚೀಲವನ್ನು ಎದೆಗವಚಿಕೊಂಡು ಕುಳಿತಿರುವುದನ್ನು ಖಂಡಿತ ನೋಡಿರುತ್ತೀರಿ. ಅಲ್ಲಿ ಅದು ಜಿರಳೆ ಹಿಡಿಯುತ್ತಿತ್ತು, ಇಲ್ಲಿಯೂ ಅದನ್ನೇ ಮಾಡುತ್ತದೆ. ಕಚ್ಚಿದರೆ ನೋವಾದೀತೇ ಹೊರತು ಪ್ರಾಣಕ್ಕೆ ಅಪಾಯವಿಲ್ಲ. ಅಗಲ ಬಾಯಿಯ ಡಬ್ಬವನ್ನು ಅದರ ಮೇಲೆ ಕವುಚಿ, ಕೆಳಗಿನಿಂದ ರಟ್ಟು ತೂರಿಸಿ ಹೊರಗೆ ಬಿಡಬಹುದು. ಬೆಕ್ಕನ್ನು ಅಷ್ಟು ಹೊತ್ತು ಬೇರೆ ಕೋಣೆಯಲ್ಲಿಡುವುದು ಹೂದಾನಿಗಳ ಹಿತದೃಷ್ಟಿಯಿಂದ ಒಳ್ಳೆಯದು.

ಬೆಕ್ಕು ಜೇಡವನ್ನು ತಿಂದೇಬಿಟ್ಟಿತು. ವಿಷ ಏರುತ್ತದೆಯೇ?

ಹೊಟ್ಟೆಗೆ ಹೋದ ಜೇಡದ ವಿಷ ಜೀರ್ಣರಸಗಳಲ್ಲಿ ಒಡೆದುಹೋಗುತ್ತದೆ, ಅದು ಅಪಾಯಕಾರಿಯಾಗುವುದು ಚುಚ್ಚಿ ಮೈಯೊಳಗೆ ಇಳಿದಾಗ. ಬಾಯಿಯಲ್ಲಿರುವಾಗಲೇ ಜೇಡ ನಾಲಿಗೆಗೋ ತುಟಿಗೋ ಕಚ್ಚಿದ್ದರೆ ಊತ ಬರಬಹುದಾದ್ದರಿಂದ, ಕೆಲವು ಗಂಟೆಗಳ ಕಾಲ ಉಸಿರಾಟ ಮತ್ತು ಜೊಲ್ಲನ್ನು ಗಮನಿಸುತ್ತಿರಿ. ಸ್ಪ್ರೇ ಹೊಡೆದು ಕೊಂದ ಜೇಡವನ್ನು ತಿಂದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ, ಸ್ಪ್ರೇಯ ಹೆಸರನ್ನೂ ತಿಳಿಸಿ.

ನಾಯಿಯ ಮೈಮೇಲೆ ವಾಸಿಯಾಗದ ಹುಣ್ಣಿದೆ. ವೈಟ್‌ಟೇಲ್ ಜೇಡ ಕಚ್ಚಿದರೆ ಮಾಂಸ ಕೊಳೆಯುತ್ತದೆಯಂತೆ, ನಿಜವೇ?

ಇಲ್ಲ. ಬಾಲದ ತುದಿಯಲ್ಲಿ ಬಿಳಿ ಚುಕ್ಕೆಯಿರುವ ಈ ಜೇಡಕ್ಕೆ ಅಂಟಿಕೊಂಡ ಕೆಟ್ಟ ಹೆಸರು ಆಸ್ಟ್ರೇಲಿಯಾದಲ್ಲಿ ದಶಕಗಳಿಂದ ಹಬ್ಬಿದೆ. ಆದರೆ ಜೇಡವನ್ನು ಹಿಡಿದು ತಂದು ಖಚಿತಪಡಿಸಿಕೊಂಡ 130 ಕಡಿತಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬರಿಗೂ ಮಾಂಸ ಕೊಳೆಯುವ ಹುಣ್ಣು ಆಗಿರಲಿಲ್ಲ. ನಾಯಿಯ ಹುಣ್ಣಿಗೆ ಸೋಂಕು, ಅಲರ್ಜಿ, ಒಳಗೆ ಸಿಕ್ಕಿಕೊಂಡ ಹುಲ್ಲಿನ ಮುಳ್ಳು, ಕೆಲವೊಮ್ಮೆ ಗೆಡ್ಡೆ ಕಾರಣವಾಗಿರಬಹುದು. ಜೇಡದ ಮೇಲೆ ಹೊರೆ ಹೊರಿಸಿ ಸುಮ್ಮನಿದ್ದಷ್ಟೂ ನಿಜವಾದ ಕಾರಣ ತಿಳಿಯುವುದು ತಡವಾಗುತ್ತದೆ.

ನಾಯಿಯ ಹಿಂಗಾಲುಗಳು ತೂರಾಡುತ್ತಿವೆ, ಬೊಗಳುವ ದನಿ ಬದಲಾಗಿದೆ. ಜೇಡ ಕಚ್ಚಿರಬಹುದೇ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ಸಮಯ ನಿಮಗಿದ್ದರೆ ಇದನ್ನು ಓದಿ. ಈ ಲಕ್ಷಣಗಳು ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಜೇಡವನ್ನಲ್ಲ, ಪ್ಯಾರಾಲಿಸಿಸ್ ಟಿಕ್ ಎಂಬ ಉಣ್ಣೆಯನ್ನು. ಆಸ್ಟ್ರೇಲಿಯಾದ ಪೂರ್ವ ಕರಾವಳಿಯುದ್ದಕ್ಕೂ, ಸಿಡ್ನಿಯ ಪೊದೆಕಾಡುಗಳಂಚಿನ ಬಡಾವಣೆಗಳಲ್ಲಿ ವಿಶೇಷವಾಗಿ, ಇದು ನಾಯಿ ಮತ್ತು ಬೆಕ್ಕುಗಳನ್ನು ಕೊಲ್ಲುತ್ತದೆ. ವಸಂತದಿಂದ ಬೇಸಿಗೆಯವರೆಗೆ ಹಾವಳಿ ಹೆಚ್ಚು, ಆದರೆ ವರ್ಷದ ಯಾವ ತಿಂಗಳೂ ಪೂರ್ತಿ ಸುರಕ್ಷಿತವಲ್ಲ.

ಮಲೆನಾಡಿನವರಿಗೆ ಉಣ್ಣೆಯೆಂದರೆ ಮಂಗನ ಕಾಯಿಲೆ ನೆನಪಾಗುತ್ತದೆ. ಅಲ್ಲಿ ಉಣ್ಣೆ ವೈರಸ್ಸನ್ನು ಹೊತ್ತು ತರುತ್ತದೆ, ಇಲ್ಲಿ ಉಣ್ಣೆಯ ಎಂಜಲೇ ವಿಷ. ಕಚ್ಚಿಕೊಂಡ ಮೂರು ದಿನಗಳ ಆಚೀಚೆ ಆ ವಿಷ ಪರಿಣಾಮ ತೋರತೊಡಗುತ್ತದೆ. ಮೊದಲು ಹಿಂಗಾಲುಗಳು ಅಡ್ಡಾದಿಡ್ಡಿಯಾಗುತ್ತವೆ, ದನಿ ಒಡೆಯುತ್ತದೆ, ವಾಂತಿ ಅಥವಾ ಕೆಮ್ಮು ಬರುತ್ತದೆ, ಆಮೇಲೆ ಮುಂಗಾಲುಗಳು ಸ್ವಾಧೀನ ತಪ್ಪುತ್ತವೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಉಣ್ಣೆಯನ್ನು ಕಿತ್ತ ಮೇಲೂ ಸ್ಥಿತಿ ಒಂದೆರಡು ದಿನ ಬಿಗಡಾಯಿಸುತ್ತಲೇ ಹೋಗಬಹುದು. ಹೀಗಾಗಿ ಕಿತ್ತೆವು, ಇನ್ನು ಸರಿಹೋಗುತ್ತದೆ ಎಂದು ಕಾಯುವುದು ತಪ್ಪು. ನುಂಗುವ ಶಕ್ತಿ ಕುಂದಿರುವ ಪ್ರಾಣಿಗೆ ನೀರು ಅಥವಾ ಆಹಾರ ಕೊಟ್ಟರೆ ಅದು ಶ್ವಾಸಕೋಶ ಸೇರುವ ಅಪಾಯವಿದೆಯಾದ್ದರಿಂದ ಏನನ್ನೂ ಕೊಡದೆ, ತಂಪಾದ ಕಡೆ ಸದ್ದಿಲ್ಲದೆ ಇರಿಸಿಕೊಂಡು ಆಸ್ಪತ್ರೆಗೆ ಒಯ್ಯಿರಿ. ಚಿಕಿತ್ಸೆಗೆ ಉಣ್ಣೆವಿಷದ ವಿರುದ್ಧದ ಸೀರಮ್ ಇದೆ, ಬೇಗ ತಲುಪಿದಷ್ಟೂ ಅದು ಫಲಕಾರಿ.

ತಡೆಗಟ್ಟುವುದು ಸುಲಭ. ಪಶುವೈದ್ಯರು ಸೂಚಿಸುವ ಉಣ್ಣೆನಿವಾರಕ ಮಾತ್ರೆಯನ್ನೋ ಹನಿಯನ್ನೋ ತಪ್ಪದೆ ಕೊಡುವುದರ ಜೊತೆಗೆ, ದಿನಕ್ಕೊಮ್ಮೆ ಬೆರಳ ತುದಿಗಳನ್ನು ಕೂದಲಿನೊಳಗೆ ಇಳಿಸಿ ಚರ್ಮವನ್ನು ಮೂತಿಯಿಂದ ಬಾಲದವರೆಗೆ ತಡವಬೇಕು. ಕಿವಿಯ ಒಳಮಡಿಕೆ, ತುಟಿಯ ಅಂಚು, ಕುತ್ತಿಗೆಪಟ್ಟಿಯ ಕೆಳಗೆ, ಕಂಕುಳು, ಕಾಲ್ಬೆರಳುಗಳ ನಡುವೆ ಕೈ ನಿಧಾನವಾಗಿ ಸಾಗಲಿ. ಕಣ್ಣಿಗೆ ಕಾಣದ ಉಣ್ಣೆ ಬೆರಳಿಗೆ ಸಣ್ಣ ಗಂಟಿನಂತೆ ಸಿಗುತ್ತದೆ.

ಎರಡನೆಯ ಅನುಮಾನ ಹಾವು, ಅದರಲ್ಲೂ ಈಸ್ಟರ್ನ್ ಬ್ರೌನ್ ಸ್ನೇಕ್. ಹಾವು ಕಚ್ಚಿದ ನಾಯಿ ಇದ್ದಕ್ಕಿದ್ದಂತೆ ಕುಸಿದು, ಕೆಲವೇ ನಿಮಿಷಗಳಲ್ಲಿ ಎದ್ದು ಏನೂ ಆಗದಂತೆ ಓಡಾಡಬಹುದು. ಆ ಚೇತರಿಕೆಗೆ ಮೋಸಹೋಗಬೇಡಿ, ಎರಡನೆಯ ಬಾರಿ ಕುಸಿದಾಗ ಸಮಯ ಮೀರಿರುತ್ತದೆ.

ಏನೋ ಕಚ್ಚಿದೆ ಎಂದು ಗೊತ್ತಾದ ಕೂಡಲೇ ಏನು ಮಾಡಬೇಕು?

ಪ್ರಾಣಿಯನ್ನು ಓಡಾಡಲು ಬಿಡದೆ ಶಾಂತವಾಗಿರಿಸಿ, ಪಶುವೈದ್ಯರಿಗೆ ಫೋನ್ ಮಾಡಿ ಬರುತ್ತಿರುವುದಾಗಿ ತಿಳಿಸಿ. ನೋವಿನಲ್ಲಿರುವ ಪ್ರಾಣಿ ಮನೆಯವರನ್ನೂ ಕಚ್ಚುತ್ತದೆ, ಬೆಕ್ಕನ್ನು ದಪ್ಪ ಟವೆಲಿನಲ್ಲಿ ಸುತ್ತಿ ಎತ್ತಿಕೊಳ್ಳಿ. ರೆಡ್‌ಬ್ಯಾಕ್ ಎಂದು ಖಚಿತವಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕಚ್ಚಿದ ಜಾಗಕ್ಕೆ ಒತ್ತಬಹುದು. ಅದಕ್ಕೆ ಬಿಗಿ ಬ್ಯಾಂಡೇಜ್ ಬೇಡ, ನೋವು ಇನ್ನೂ ಹೆಚ್ಚುತ್ತದೆ. ಜೇಡ ಸುಲಭವಾಗಿ ಕಾಣುವಂತಿದ್ದರೆ ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಹುಡುಕಿ ಹಿಡಿಯುವ ಸಾಹಸ ಬೇಡ. ಗಾಯವನ್ನು ಕೊಯ್ಯುವುದು, ಹೀರುವುದು, ಮೇಲೆ ಹಗ್ಗ ಬಿಗಿಯುವುದು ಯಾವುದನ್ನೂ ಮಾಡಬಾರದು. ಸಾಕುಪ್ರಾಣಿಗಳಿಗೆಂದೇ ಇರುವ ಅನಿಮಲ್ ಪಾಯ್ಸನ್ಸ್ ಹೆಲ್ಪ್‌ಲೈನ್‌ನ ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಸೇರಿಸಿಟ್ಟುಕೊಳ್ಳಿ. ಮನುಷ್ಯರಿಗೆ ಸಂಬಂಧಿಸಿದ ವಿಷದ ಸಲಹೆಗೆ 13 11 26.

ನೋವಿಗೆ ಮನೆಯಲ್ಲಿರುವ ಮಾತ್ರೆ ಕೊಡಬಹುದೇ? ಅರಿಶಿನ ಹಚ್ಚಬಹುದೇ?

ಮಾತ್ರೆ ಕೊಡಲೇಬೇಡಿ. ಊರಿನಿಂದ ತಂದ ಔಷಧದ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕ. ಅದನ್ನು ಕರಗಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಿದ್ದು, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೇನ್ ನಾಯಿಗಳ ಹೊಟ್ಟೆ ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಅರಿಶಿನ ಹಚ್ಚುವುದರಿಂದ ವಿಷ ಇಳಿಯುವುದಿಲ್ಲ, ವೈದ್ಯರು ನೋಡಬೇಕಾದ ಗಾಯದ ಬಣ್ಣ ಮಾತ್ರ ಮುಚ್ಚಿಹೋಗುತ್ತದೆ.

ಮನೆಗೆಲ್ಲ ಜೇಡದ ಸ್ಪ್ರೇ ಹೊಡೆಸಿಬಿಡುವುದು ಒಳ್ಳೆಯದಲ್ಲವೇ?

ಬೆಕ್ಕಿರುವ ಮನೆಯಲ್ಲಿ ಜೇಡಕ್ಕಿಂತ ಜೇಡದ ಔಷಧವೇ ಹೆಚ್ಚು ಅಪಾಯ ತರಬಲ್ಲದು. ಇಂಥ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು. ಅವುಗಳಲ್ಲೊಂದಾದ ಪರ್ಮೆಥ್ರಿನ್ ನಾಯಿಗೆ ಹಾನಿಯಿಲ್ಲದ ಪ್ರಮಾಣದಲ್ಲಿಯೂ ಬೆಕ್ಕಿನಲ್ಲಿ ನಡುಕ, ಸೆಳವು ಮತ್ತು ಸಾವನ್ನು ತರಬಹುದು. ಅತಿ ಹೆಚ್ಚು ಅನಾಹುತವಾಗುವುದು ನಾಯಿಯ ಬೆನ್ನಿಗೆ ಹಾಕುವ ಸಾಂದ್ರವಾದ ಉಣ್ಣೆನಿವಾರಕ ಹನಿಯನ್ನು ಬೆಕ್ಕಿಗೂ ಹಾಕಿದಾಗ, ಅಥವಾ ಹನಿ ಹಾಕಿಸಿಕೊಂಡ ನಾಯಿಯನ್ನು ಬೆಕ್ಕು ಒರಗಿ ಮಲಗಿ ನೆಕ್ಕಿದಾಗ. ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರಕ್ಕೆ ಅಡ್ಡಗೆರೆ ಎಳೆದಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮೈಗೆ ತಾಗಿದ್ದೇ ಆದರೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ದ್ರವದಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೀನುಗಳಿಗೆ ಈ ಗುಂಪಿನ ರಾಸಾಯನಿಕಗಳು ಅತಿ ಸಣ್ಣ ಪ್ರಮಾಣದಲ್ಲೂ ಮಾರಕವಾದ್ದರಿಂದ, ಸ್ಪ್ರೇ ಮಾಡುವಾಗ ಅಕ್ವೇರಿಯಂ ಮುಚ್ಚಿ ಗಾಳಿಯ ಪಂಪ್ ನಿಲ್ಲಿಸಬೇಕು. ಪಂಜರದ ಹಕ್ಕಿಗಳನ್ನು ಮನೆಯಿಂದಲೇ ಹೊರಗೊಯ್ಯಬೇಕು.

ಇಷ್ಟೆಲ್ಲ ಮಾಡಿಯೂ ಫಲ ಅರೆಬರೆ. ಜಿರಳೆ ತನ್ನ ಮೈಯನ್ನು ನೆಲಕ್ಕೆ ಉಜ್ಜಿಕೊಂಡು ಓಡುವುದರಿಂದ ಔಷಧ ಅಂಟಿಸಿಕೊಳ್ಳುತ್ತದೆ. ಜೇಡವಾದರೋ ಕಾಲ್ತುದಿಗಳ ಮೇಲೆ ನಡೆಯುವ ಪ್ರಾಣಿ, ಒಣಗಿದ ಪದರದ ಮೇಲೆ ಹಾದುಹೋದರೂ ಅದಕ್ಕೆ ಸಾಕಷ್ಟು ಔಷಧ ತಗಲುವುದಿಲ್ಲ. ವರ್ಷಕ್ಕೊಮ್ಮೆ ರೂಢಿಯಂತೆ ಮನೆ ಸುತ್ತ ಔಷಧ ಹೊಡೆಸುವ ಹಣವನ್ನು ಬಾಗಿಲುಗಳ ಸಂದಿ ಮುಚ್ಚಿಸಲು ಬಳಸುವುದೇ ಜಾಣತನವೆಂದು ನಮ್ಮ ಅಭಿಪ್ರಾಯ. ಬಾಡಿಗೆ ಮನೆಯಲ್ಲಿದ್ದು ಮಾಲೀಕರೇ ಔಷಧ ಹೊಡೆಸುತ್ತಿದ್ದರೆ, ಯಾವ ರಾಸಾಯನಿಕವೆಂದು ಮೊದಲೇ ಕೇಳಿ, ಪೂರ್ತಿ ಒಣಗುವವರೆಗೆ ಪ್ರಾಣಿಗಳನ್ನು ದೂರವಿರಿಸಿ.

ನೈಸರ್ಗಿಕ ಎಂಬ ಹೆಸರಿನಲ್ಲಿ ಮಾರುವ ಎಣ್ಣೆಗಳೂ ನಿರುಪದ್ರವಿಯಲ್ಲ. ಟೀ ಟ್ರೀ ಎಣ್ಣೆ ಬೆಕ್ಕು ಮತ್ತು ನಾಯಿಗಳೆರಡಕ್ಕೂ ವಿಷ, ಪುದೀನ ಜಾತಿಯ ಸಾಂದ್ರ ಎಣ್ಣೆಯನ್ನು ಮೂಲೆ ಮೂಲೆಗೆ ಚಿಮುಕಿಸುವುದೂ ಬೆಕ್ಕಿಗೆ ಹಿತವಲ್ಲ. ಊರಿನ ಅಭ್ಯಾಸದಂತೆ ಬೀರುವಿನಲ್ಲಿ ನುಸಿಗುಳಿಗೆ ಹಾಕುವುದು, ಸೂಟ್‌ಕೇಸಿನಲ್ಲಿ ತಂದ ಜಿರಳೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು ಇವೆರಡನ್ನೂ ಪ್ರಾಣಿಗಳಿರುವ ಮನೆಯಲ್ಲಿ ಬಿಟ್ಟುಬಿಡಿ. ಗುಳಿಗೆಯನ್ನು ನಾಯಿಮರಿ ಮಿಠಾಯಿಯೆಂದು ಅಗಿಯುತ್ತದೆ, ಸೀಮೆಸುಣ್ಣದಲ್ಲಿ ಇರುವುದೂ ಅದೇ ಪೈರೆಥ್ರಾಯ್ಡ್.

ಔಷಧವಿಲ್ಲದೆ ಜೇಡಗಳನ್ನು ದೂರವಿಡುವುದು ಹೇಗೆ?

ಬಾಗಿಲ ಅಡಿಗೆ ಬ್ರಷ್ ಪಟ್ಟಿ ಹಾಕಿಸಿ, ಕಿಟಕಿಗಳ ಹರಿದ ಜಾಲರಿ ಬದಲಿಸಿ. ಗೋಡೆಗೆ ತಾಗಿಕೊಂಡ ಸೌದೆ, ಇಟ್ಟಿಗೆ, ಕುಂಡಗಳ ರಾಶಿಯನ್ನು ದೂರ ಸರಿಸಿ. ರಾತ್ರಿಯಿಡೀ ಉರಿಯುವ ಹೊರದೀಪ ಪತಂಗಗಳನ್ನು ಕರೆಯುತ್ತದೆ, ಪತಂಗಗಳು ಜೇಡಗಳನ್ನು ಕರೆಯುತ್ತವೆ. ನಾಯಿಗೂಡನ್ನು ವಾರಕ್ಕೊಮ್ಮೆ ಓರೆಮಾಡಿ, ಕೈಗವಸು ತೊಟ್ಟು, ಉದ್ದ ಹಿಡಿಯ ಪೊರಕೆಯಿಂದ ಒಳಮೂಲೆಗಳನ್ನು ಗುಡಿಸಿ. ರೆಡ್‌ಬ್ಯಾಕ್ ಹೆಚ್ಚು ದೂರ ಹೋಗದೆ ಒಂದೇ ಕಡೆ ಕೂರುವುದರಿಂದ ಈ ಗುಡಿಸುವಿಕೆಗೆ ನಿಜವಾದ ಫಲವಿದೆ. ಮೊಟ್ಟೆಚೀಲಗಳನ್ನು ಬೀಳಿಸಿ ಹಾಗೆಯೇ ಬಿಡದೆ ಜಜ್ಜಿಹಾಕಬೇಕು, ಒಂದೊಂದರಲ್ಲಿಯೂ ನೂರಾರು ಮೊಟ್ಟೆಗಳಿರುತ್ತವೆ.

ಗಿನಿಪಿಗ್, ಮೊಲ, ಕೋಳಿಗಳಿಗೂ ಅಪಾಯವಿದೆಯೇ?

ಗಿನಿಪಿಗ್ ರೆಡ್‌ಬ್ಯಾಕ್ ವಿಷಕ್ಕೆ ಬಹಳ ಸೂಕ್ಷ್ಮ, ಅದರ ಗೂಡಿನ ಜಾಲರಿ ಮೂಲೆಗಳನ್ನು ದಿನವೂ ನೋಡಿ. ಮೊಲಗಳಿಗೆ ಅಷ್ಟು ಭಯವಿಲ್ಲ. ಕೋಳಿಗಳಂತೂ ಜೇಡಗಳನ್ನೇ ಹೆಕ್ಕಿ ತಿನ್ನುತ್ತವೆ.

ನಾವು ಕ್ವೀನ್ಸ್‌ಲ್ಯಾಂಡ್‌ಗೆ ಮನೆ ಬದಲಿಸುತ್ತಿದ್ದೇವೆ. ಇದೇ ಮಾತುಗಳು ಅಲ್ಲಿಗೂ ಅನ್ವಯವೇ?

ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ನೆಲದಲ್ಲಿ ಬಿಲ ತೋಡುವ ದಪ್ಪ, ಕೂದಲುಮೈಯ ಟ್ಯಾರಂಟುಲಾಗಳಿವೆ. ಕೆರಳಿದಾಗ ಹಿಸ್ಸೆನ್ನುವ ಸದ್ದು ಮಾಡುವುದರಿಂದ ಅವುಗಳನ್ನು ವಿಸ್ಲಿಂಗ್ ಸ್ಪೈಡರ್ ಎಂದೂ ಕರೆಯುತ್ತಾರೆ. ಮನುಷ್ಯರಿಗೆ ಅವು ಕಚ್ಚಿದರೆ ನೋವು, ವಾಕರಿಕೆಯಲ್ಲಿ ಮುಗಿಯುತ್ತದೆ. ನಾಯಿಗಳ ಪಾಲಿಗೆ ಲೆಕ್ಕ ತಿರುವುಮುರುವು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದ ಏಳು ನಾಯಿಗಳಲ್ಲಿ ಏಳೂ ಸತ್ತವು, ಕೆಲವು ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ. ಇದಕ್ಕೆ ಪ್ರತಿವಿಷವೂ ಇಲ್ಲ. ಅಂದರೆ ಸಿಡ್ನಿಯಲ್ಲಿ ಯಜಮಾನನಿಗೆ ಮಾರಕವಾದ ಜೇಡ ನಾಯಿಯನ್ನು ಬಿಟ್ಟುಬಿಡುತ್ತದೆ, ಉತ್ತರದಲ್ಲಿ ಯಜಮಾನನನ್ನು ಬಿಡುವ ಜೇಡ ನಾಯಿಯನ್ನು ಕೊಲ್ಲುತ್ತದೆ. ಇಂಥ ಕಡಿತಗಳು ಅಪರೂಪವೇ ಆದರೂ, ಅಲ್ಲಿ ನೆಲ ಕೆದಕುವ ಚಟವಿರುವ ನಾಯಿಯನ್ನು ರಾತ್ರಿ ಹೊತ್ತು ಒಳಗಿರಿಸಿಕೊಳ್ಳುವುದು ಕ್ಷೇಮ.

ಕರ್ನಾಟಕದಲ್ಲಿರುವ ನಮ್ಮ ಮನೆಯ ನಾಯಿಗೂ ಇಷ್ಟೇ ಎಚ್ಚರಿಕೆ ಬೇಕೇ?

ಜೇಡಗಳ ವಿಷಯದಲ್ಲಿ ಬೇಡ. ಅಲ್ಲಿ ಭಯಪಡಬೇಕಾದದ್ದು ನಾಗರಹಾವು, ಕೊಳಕುಮಂಡಲ ಮತ್ತು ನಾಯಿಗಳಿಗೆ ಜ್ವರ ತರುವ ಉಣ್ಣೆಗಳಿಗೆ.

ಮನೆಯಲ್ಲಿ ಸಿಕ್ಕ ಫನೆಲ್‌ವೆಬ್ ಜೇಡವನ್ನು ಕೊಲ್ಲಬೇಕೇ?

ಧೈರ್ಯವಿದ್ದರೆ ಬೇಡ. ಪ್ರತಿವಿಷಕ್ಕೆ ಬೇಕಾದ ವಿಷವನ್ನು ಸಿಡ್ನಿಯ ಉತ್ತರಕ್ಕಿರುವ ಸೋಮರ್ಸ್‌ಬಿಯ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕ್ ಸಂಗ್ರಹಿಸುತ್ತದೆ, ಮತ್ತು ಅದಕ್ಕಾಗಿ ಸಾರ್ವಜನಿಕರು ಹಿಡಿದು ತರುವ ಜೇಡಗಳನ್ನೇ ನೆಚ್ಚಿಕೊಂಡಿದೆ. ಸಿಡ್ನಿಯ ಈ ಜೇಡ ನುಣುಪಾದ ಗಾಜನ್ನು ಹತ್ತಲಾರದು. ಅಗಲ ಬಾಯಿಯ ಗಾಜಿನ ಸೀಸೆಯನ್ನು ಅಡ್ಡಲಾಗಿಟ್ಟು ಉದ್ದನೆಯ ಕೋಲಿನಿಂದ ಅದರೊಳಗೆ ತಳ್ಳಿ, ಸೀಸೆಯನ್ನು ನೆಟ್ಟಗೆ ನಿಲ್ಲಿಸಿ, ತುಸು ಒದ್ದೆ ಮಣ್ಣು ಹಾಕಿ, ತೂತಿರುವ ಮುಚ್ಚಳ ಬಿಗಿದರೆ ಸಾಕು. ಎಲ್ಲಿ ಒಪ್ಪಿಸಬೇಕೆಂಬುದನ್ನು ಪಾರ್ಕಿನವರೇ ತಿಳಿಸುತ್ತಾರೆ. 2025ರಲ್ಲಿ ವಿಜ್ಞಾನಿಗಳು ಸಿಡ್ನಿ ಫನೆಲ್‌ವೆಬ್ ಎನ್ನುತ್ತಿದ್ದುದು ವಾಸ್ತವವಾಗಿ ಮೂರು ಪ್ರಭೇದಗಳೆಂದು ತೋರಿಸಿದರು. ಅವುಗಳಲ್ಲಿ ಅತಿ ದೊಡ್ಡದು ನ್ಯೂಕಾಸಲ್ ಕಡೆಯದು.

ಊರಿನಿಂದ ಬಂದಿರುವ ಅಪ್ಪ ಅಮ್ಮ ಹಗಲೆಲ್ಲ ನಾಯಿಯನ್ನು ನೋಡಿಕೊಳ್ಳುತ್ತಾರೆ. ಅವರಿಗೆ ಏನು ಹೇಳಿಕೊಡಬೇಕು?

ಹಿತ್ತಿಲಿಗೆ ಬರಿಗಾಲಿನಲ್ಲಿ ಇಳಿಯಬಾರದು, ಗಿಡಗಳ ಬುಡ ಬಿಡಿಸುವಾಗ ಕೈಗವಸು ತೊಡಬೇಕು, ಹೊರಗಿಟ್ಟ ಚಪ್ಪಲಿ ಬಡಿದು ಹಾಕಿಕೊಳ್ಳಬೇಕು. ಇಷ್ಟು ಅವರ ಸಲುವಾಗಿ. ನಾಯಿ ತೂರಾಡಿದರೆ, ವಾಂತಿ ಮಾಡಿದರೆ, ದನಿ ಬದಲಾದರೆ ಸಂಜೆಯವರೆಗೆ ಕಾಯದೆ ನಿಮಗೆ ಫೋನ್ ಮಾಡಬೇಕು. ನೀವು ಮೀಟಿಂಗಿನಲ್ಲಿರುವಿರೆಂದು ಅವರು ಸಂಕೋಚಪಡುವುದು ಸಹಜ, ಆದ್ದರಿಂದ ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಡಿ. ಹಗಲಿನ ಪಶುವೈದ್ಯರ ಸಂಖ್ಯೆ, ರಾತ್ರಿ ಮತ್ತು ಭಾನುವಾರ ತೆರೆದಿರುವ ಪಶು ಆಸ್ಪತ್ರೆಯ ವಿಳಾಸ, ನಾಯಿಯ ತೂಕ, ಕೊನೆಯ ಬಾರಿ ಉಣ್ಣೆನಿವಾರಕ ಕೊಟ್ಟ ದಿನಾಂಕ ಇವನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ವಿಳಾಸವನ್ನು ಇಂಗ್ಲಿಷಿನಲ್ಲಿಯೂ ಬರೆದಿಟ್ಟರೆ ಟ್ಯಾಕ್ಸಿಯವರಿಗೆ ತೋರಿಸಲು ಅನುಕೂಲವಾಗುತ್ತದೆ.